ಕಥೆ ಇದೆ, ಚಿತ್ರಪುಸ್ತಕ ಯಾಕೆ ಆಗಿಲ್ಲ?

ಪ್ರಶ್ನೆ: ನಾನು ಶಿವಮೊಗ್ಗ ಜಿಲ್ಲೆಯ ಒಂದು ಸರ್ಕಾರಿ ಶಾಲೆಯಲ್ಲಿ ನಲಿ-ಕಲಿ ಶಿಕ್ಷಕಿ. ನಾಲ್ಕರಿಂದ ಏಳು ವರ್ಷದ ಮಕ್ಕಳಿಗೆ ಅಂತ ಒಂದು ಚಿತ್ರಪುಸ್ತಕ ಬರೆದಿದ್ದೇನೆ. ಚುಕ್ಕಿ ಎಂಬ ಹುಡುಗಿ ಮಳೆಗಾಲದ ಒಂದು ಬೆಳಿಗ್ಗೆ ಹಿತ್ತಲ ಗೋಡೆಯ ಮೇಲೆ ಹೊಳೆಯುವ ಗೆರೆ ನೋಡುತ್ತಾಳೆ. ಗೆರೆ ಹಿಡಿದು ಹೋದರೆ ಬಸವನಹುಳು ಸಿಗುತ್ತದೆ. ಅವಳು ಹಾಡಿದಾಗ ಅದು ಚಿಪ್ಪಿನಿಂದ ಹೊರಗೆ ಬಂದು ಮಾತಾಡುತ್ತದೆ. ಚಿಪ್ಪಿನೊಳಗೆ ದೊಡ್ಡ ಮನೆ ಇದೆ ಅಂತ ಚುಕ್ಕಿ ಕಲ್ಪಿಸಿಕೊಳ್ಳುತ್ತಾಳೆ. ಹುಳ ಕಂಡರೆ ಅಸಹ್ಯಪಡುವ ಪಕ್ಕದ ಮನೆಯ ಗಣಿ ಕೊನೆಗೆ ಅವಳ ಗೆಳೆಯನಾಗುತ್ತಾನೆ. ಬಸವನಹುಳು ಹೊಸ ಚಿಪ್ಪಿಗೆ ಹೋಗುವಾಗ ಹಳೆಯದನ್ನು ಇಬ್ಬರಿಗೂ ಉಡುಗೊರೆ ಕೊಡುತ್ತದೆ. ‘ತಿಳಿಯುವ ಆಸೆ ಇದ್ದವರಿಗೆ ಗೆಳೆಯರು ತಾನಾಗಿ ಸಿಗುತ್ತಾರೆ’ ಅಂತ ಅಜ್ಜಿ ಹೇಳುತ್ತಾಳೆ. ಸುಮಾರು 1,400 ಪದ ಇದೆ. ಇಬ್ಬರು ಪ್ರಕಾಶಕರು ವಾಪಸ್ ಕಳಿಸಿದರು. ಒಬ್ಬರು ‘ಕಥೆ ಇದೆ, ಚಿತ್ರಪುಸ್ತಕ ಆಗಿಲ್ಲ’ ಅಂದರು. ಏನು ವ್ಯತ್ಯಾಸ? ಬಸವನಹುಳು ಮಾತಾಡಬಹುದಾ? ನೀತಿ ಇರಬೇಕೋ ಬೇಡವೋ? ನಾನೇ ಚಿತ್ರ ಬರೆಸಿ ಕಳಿಸಿದರೆ ಒಪ್ಪುತ್ತಾರಾ?

ಉತ್ತರ: ನೀವು ಕಳಿಸಿದ ಹಸ್ತಪ್ರತಿ ಓದಿದೆ. ಆ ಹೊಳೆಯುವ ಗೆರೆ ತುಂಬಾ ಚೆನ್ನಾಗಿದೆ ಮೇಡಂ. ಯಾರು ಏನೇ ಹೇಳಲಿ, ಅದನ್ನು ಬಿಡಬೇಡಿ. ಗೋಡೆಯ ಮೇಲೆ ಗೆರೆ ಇದೆ, ಅದನ್ನು ಎಳೆದವರು ಕಾಣಿಸುತ್ತಿಲ್ಲ. ನಾಲ್ಕು ವರ್ಷದ ಮಗುವನ್ನು ಪುಸ್ತಕದೊಳಗೆ ಎಳೆಯಲು ಇಷ್ಟು ಸಾಕು.

ಪ್ರಕಾಶಕರು ಹೇಳಿದ್ದೂ ಸರಿ. ಅವರು ಬಿಡಿಸಿ ಹೇಳಲಿಲ್ಲ, ಅಷ್ಟೇ. ನಿಮ್ಮ ಕಥೆಯಲ್ಲಿ ಎಲ್ಲವನ್ನೂ ಮಾತೇ ಮಾಡಿ ಮುಗಿಸಿದೆ. ಚಿತ್ರಕ್ಕೆ ಉಳಿದಿರುವುದು ಮಾತು ಹೇಳಿದ್ದನ್ನೇ ಇನ್ನೊಮ್ಮೆ ತೋರಿಸುವ ಕೆಲಸ. ಚಿತ್ರಕ್ಕೆ ಕೆಲಸ ಇಲ್ಲದಿದ್ದರೆ ಪುಸ್ತಕ ಹಿಡಿದು ಕೂತ ಮಗುವಿಗೂ ಕೆಲಸ ಇಲ್ಲ.

ನಿಮ್ಮ ಮೊದಲ ಪ್ಯಾರಾವನ್ನೇ ನೋಡಿ. ಚುಕ್ಕಿಗೆ ಎರಡು ಜಡೆ, ಕೆಂಪು ಲಂಗ. ಹಿತ್ತಲಲ್ಲಿ ಬಾಳೆಗಿಡ, ಬಟ್ಟೆ ಒಗೆಯುವ ಕಲ್ಲು, ಪಾಚಿ ಹಿಡಿದ ಗೋಡೆ. ರಾತ್ರಿಯೆಲ್ಲ ಮಳೆ ಬಂದು ಈಗ ನಿಂತಿದೆ. ಇದರಲ್ಲಿ ಒಂದು ಪದವನ್ನೂ ಓದಿ ಹೇಳಬೇಕಾಗಿಲ್ಲ. ಚಿತ್ರಕಾರರು ಒಂದೇ ಪುಟದಲ್ಲಿ ಇಷ್ಟನ್ನೂ ತೋರಿಸುತ್ತಾರೆ, ನಿಮಗೆ ಹೊಳೆಯದ ಇನ್ನೂ ನಾಲ್ಕು ಸಂಗತಿ ಸೇರಿಸುತ್ತಾರೆ. ಆ ಪುಟಕ್ಕೆ ಬೇಕಾದ ಮಾತು ‘ಇದೆಂತದು?’ ಅಷ್ಟೇ. ನಿಮ್ಮ ಕಡೆಯ ಮಕ್ಕಳು ಹಾಗೇ ಕೇಳುವುದು ಅಲ್ವಾ? ಹಾಗಾದರೆ ಹಾಗೇ ಬರೆಯಿರಿ. ‘ಆಶ್ಚರ್ಯಚಕಿತಳಾದಳು’ ಅಂತ ನೀವು ಬರೆದಿದ್ದೀರಿ. ಅವಳ ಮುಖ ಚಿತ್ರದಲ್ಲಿ ಕಾಣುತ್ತಿರುವಾಗ ಆ ಪದ ಯಾಕೆ?

ಮಾತು ಹೇಳದೆ ಬಿಟ್ಟದ್ದನ್ನು ಚಿತ್ರ ಹೇಳಿದರೆ ಏನಾಗುತ್ತದೆ ಅಂತ ನೋಡಬೇಕಾದರೆ ಇಂಗ್ಲೆಂಡಿನ ಪ್ಯಾಟ್ ಹಚಿನ್ಸ್ ಅವರ ‘ರೋಸೀಸ್ ವಾಕ್’ ಹುಡುಕಿ. 1968ರಲ್ಲಿ ಬಂದ ಪುಸ್ತಕ. ಇಡೀ ಪುಸ್ತಕದಲ್ಲಿ ಇರುವುದು ಒಂದೇ ವಾಕ್ಯ, 32 ಪದ. ಒಂದು ಕೋಳಿ ಅಂಗಳದಲ್ಲಿ ಒಂದು ಸುತ್ತು ಹಾಕಿ ಊಟದ ಹೊತ್ತಿಗೆ ವಾಪಸ್ ಬರುತ್ತದೆ. ಮಾತಿನಲ್ಲಿ ಅಷ್ಟೇ ಇರುವುದು. ಚಿತ್ರದಲ್ಲಿ ಮಾತ್ರ ಅದರ ಹಿಂದೆಯೇ ಒಂದು ನರಿ ಬರುತ್ತಿದೆ. ಹಾರಿದಾಗಲೆಲ್ಲ ಒಂದಲ್ಲ ಒಂದು ಕಡೆ ಬೀಳುತ್ತದೆ: ಕೆರೆಗೆ, ಹುಲ್ಲಿನ ರಾಶಿಗೆ, ಹಿಟ್ಟಿನ ಕೆಳಗೆ. ಪಠ್ಯದಲ್ಲಿ ‘ನರಿ’ ಎನ್ನುವ ಪದವೇ ಇಲ್ಲ. ಓದಿ ಹೇಳುವ ದೊಡ್ಡವರಿಗೆ ಅದು ಗೊತ್ತೇ ಇಲ್ಲ ಎನ್ನುವ ಹಾಗೆ ಪುಸ್ತಕ ನಡೆಯುತ್ತದೆ. ಆದ್ದರಿಂದಲೇ ಕೇಳುವ ಮಗು ಎದ್ದು ನಿಂತು ಕೂಗುತ್ತದೆ. ಓದಲು ಬಾರದ ಮಗುವಿಗೆ ಓದುವವರಿಗಿಂತ ಜಾಸ್ತಿ ಗೊತ್ತಿರುವ ಜಾಗ ಚಿತ್ರಪುಸ್ತಕ. ನಿಮ್ಮದರಲ್ಲಿ ಆ ಜಾಗವನ್ನು ಮಾತು ಹಾಕಿ ತುಂಬಿಸಿಬಿಟ್ಟಿದ್ದೀರಿ.

ಈಗ ಪುಟದ ಲೆಕ್ಕಕ್ಕೆ ಬರೋಣ. ಹೊರದೇಶಗಳಲ್ಲಿ ಚಿತ್ರಪುಸ್ತಕ ಅಂದರೆ ಸಾಮಾನ್ಯವಾಗಿ 32 ಪುಟ. ಪ್ರೆಸ್‌ನಲ್ಲಿ ಒಂದು ದೊಡ್ಡ ಹಾಳೆಯ ಎರಡೂ ಬದಿ ಸೇರಿ 16 ಪುಟದ ಒಂದು ಫಾರಂ ಆಗುತ್ತದೆ. ಎರಡು ಫಾರಂಗೆ 32. ನಮ್ಮಲ್ಲಿ ಬೆಲೆ ಇಳಿಸಲು 16 ಅಥವಾ 24 ಪುಟಕ್ಕೆ ನಿಲ್ಲಿಸಿ, ನಡುವೆ ಪಿನ್ ಹೊಡೆಯುವುದು ಹೆಚ್ಚು. ಪಿನ್ ಹೊಡೆಯುವ ಪುಸ್ತಕದ ಪುಟ ನಾಲ್ಕರ ಮಗ್ಗಿಯಲ್ಲೇ ಇರಬೇಕು. ನಿಮ್ಮ ಕಥೆಗೆ 24 ಸಾಕು.

ಆರು ಎ4 ಹಾಳೆ ತೆಗೆದುಕೊಂಡು ನಡುವೆ ಮಡಚಿ. ಒಂದರೊಳಗೆ ಒಂದು ಸೇರಿಸಿ. 24 ಪುಟದ ಡಮ್ಮಿ, ಅಂದರೆ ಪುಸ್ತಕದ ಕಚ್ಚಾ ಮಾದರಿ ಆಯಿತು. ಮೊದಲ ಪುಟ ಹೆಸರಿಗೆ, ಎರಡನೆಯದು ಪ್ರಕಾಶನದ ವಿವರಕ್ಕೆ. ಮೂರನೆಯ ಪುಟದಲ್ಲಿ ಕಥೆ ಶುರು. ಆಮೇಲೆ ಎದುರುಬದುರು ಪುಟಗಳ ಹತ್ತು ಜೋಡಿ. ಕೊನೆಗೆ 24ನೇ ಪುಟ ಒಂಟಿ. ಅಂದರೆ ನಿಮ್ಮ ಕೈಯಲ್ಲಿರುವುದು ಹನ್ನೆರಡು ದೃಶ್ಯ. ನಿಮ್ಮ ಹಸ್ತಪ್ರತಿಯಲ್ಲಿ ನಾನು ಗುರುತು ಹಾಕುತ್ತಾ ಹೋದಾಗ ಇಪ್ಪತ್ತಕ್ಕಿಂತ ಜಾಸ್ತಿ ಆಯಿತು. ಅಂಗಡಿಗೆ ಹೋಗುವುದು, ಅಮ್ಮ ಬೈಯುವುದು, ಶಾಲೆಯಲ್ಲಿ ಟೀಚರ್ ಹತ್ತಿರ ಕೇಳುವುದು, ಇವೆಲ್ಲ ಬಿಟ್ಟರೆ ಕಥೆಗೆ ಏನೂ ಆಗುವುದಿಲ್ಲ. ಟೀಚರ್ ಉತ್ತರ ಹೇಳುವ ದೃಶ್ಯವಂತೂ ಖಂಡಿತ ಬೇಡ. ನೀವು ಟೀಚರ್ ಆಗಿರುವುದರಿಂದ ಅದನ್ನು ಬಿಡಲು ಮನಸ್ಸು ಬರಲಿಕ್ಕಿಲ್ಲ, ಗೊತ್ತು.

ಮಗುವಿನ ಕುತೂಹಲ ಪುಟ ತಿರುಗಿಸುವಾಗ ಜೋರಾಗಿರುತ್ತದೆ. ಇದು ಗೊತ್ತಿಲ್ಲದೆ ಬರೆದರೆ ಎಂಥ ಒಳ್ಳೆಯ ಪ್ರಶ್ನೆಯೂ ಹಾಳಾಗುತ್ತದೆ. ನೀವು ‘ಗೆರೆಯ ಕೊನೆಯಲ್ಲಿ ಏನಿತ್ತು ಗೊತ್ತಾ?’ ಅಂತ ಕೇಳಿ, ಮುಂದಿನ ಸಾಲಿನಲ್ಲೇ ‘ಒಂದು ಪುಟ್ಟ ಬಸವನಹುಳು!’ ಅಂತ ಬರೆದಿದ್ದೀರಿ. ಎರಡೂ ಒಂದೇ ಕಡೆ ಅಚ್ಚಾದರೆ ಮಗುವಿನ ಕಣ್ಣು ಮೊದಲೇ ಹುಳದ ಚಿತ್ರಕ್ಕೆ ಹೋಗಿರುತ್ತದೆ. ಪ್ರಶ್ನೆ ಕೇಳುವ ಮುಂಚೆಯೇ ಉತ್ತರ ಸಿಕ್ಕಿರುತ್ತದೆ. ಬಲಗಡೆ ಪುಟದ ಕೆಳಗೆ ಗೆರೆ ಅಂಚಿನಿಂದ ಆಚೆ ಹೋಗಲಿ. ಅಲ್ಲಿ ಪ್ರಶ್ನೆ ಬರೆಯುವುದೇ ಬೇಡ. ಬೆರಳು ತಾನಾಗಿ ಪುಟದ ತುದಿಗೆ ಹೋಗುತ್ತದೆ. ಬಸವನಹುಳು ಮುಂದಿನ ಪುಟದಲ್ಲೇ ಸಿಗಬಾರದು. ಅದರ ಮುಂದಿನದರಲ್ಲೂ ಬೇಡ. ಮೊದಲು ಗೆರೆ ಕಲ್ಲಿನ ಮೇಲೆ ಹತ್ತಲಿ, ತುಳಸಿಕಟ್ಟೆಯ ಸುತ್ತ ಒಂದು ಸುತ್ತು ಹಾಕಲಿ, ಗಣಿಯ ಮನೆಯ ಬೇಲಿಯ ಕೆಳಗೆ ನುಸುಳಲಿ. ಮೂರು ಜೋಡಿ ಪುಟ ಮಗುವಿನ ಬೆರಳು ಆ ಗೆರೆಯ ಮೇಲೆ ಓಡಾಡಲಿ.

ಇನ್ನು ಚಿಪ್ಪಿನೊಳಗಿನ ಮನೆ. ಹಸ್ತಪ್ರತಿಯಲ್ಲಿ ಇದೇ ನಿಮ್ಮ ದೊಡ್ಡ ಆಸ್ತಿ. ಅದನ್ನು ನೀವು ‘ಚುಕ್ಕಿ ಹೀಗೆ ಕಲ್ಪಿಸಿಕೊಂಡಳು’ ಅಂತ ಶುರು ಮಾಡಿ, ಒಂದೂವರೆ ಪುಟ ವರ್ಣಿಸಿ, ‘ಅಷ್ಟರಲ್ಲಿ ಅವಳಿಗೆ ಎಚ್ಚರವಾಯಿತು’ ಅಂತ ಮುಗಿಸಿದ್ದೀರಿ. ಒಳಗೆ ಹೋಗುವಾಗ, ಹೊರಗೆ ಬರುವಾಗ ಬೋರ್ಡ್ ಹಾಕುವ ಅಗತ್ಯ ಇಲ್ಲ. ಮಕ್ಕಳಿಗೆ ಆ ಗಡಿ ದಾಟುವುದು ಚೆನ್ನಾಗಿ ಗೊತ್ತು. ದಿನಕ್ಕೆ ಹತ್ತು ಸಲ ದಾಟುತ್ತಾರೆ.

ಅಮೆರಿಕದ ಮಾರಿಸ್ ಸೆಂಡಾಕ್ 1963ರ ತಮ್ಮ ‘ವೇರ್ ದ ವೈಲ್ಡ್ ಥಿಂಗ್ಸ್ ಆರ್’ ಪುಸ್ತಕದಲ್ಲಿ ಇದನ್ನು ಹೇಗೆ ಮಾಡಿದ್ದಾರೆ ನೋಡಿ. ಒಬ್ಬ ಹುಡುಗ ತನ್ನ ಕೋಣೆಯಿಂದಲೇ ವಿಚಿತ್ರ ಪ್ರಾಣಿಗಳ ಲೋಕಕ್ಕೆ ಹೋಗಿ, ಅವುಗಳ ಜೊತೆ ಕುಣಿದು ಬರುವ ಕಥೆ. ಮೊದಲ ಚಿತ್ರ ಚಿಕ್ಕದು, ಸುತ್ತ ಅಗಲವಾದ ಬಿಳಿ ಅಂಚು. ಹುಡುಗನ ಕೋಣೆಯಲ್ಲಿ ಕಾಡು ಬೆಳೆಯುತ್ತಿದ್ದಂತೆ ಪುಟದಿಂದ ಪುಟಕ್ಕೆ ಚಿತ್ರ ದೊಡ್ಡದಾಗುತ್ತದೆ, ಅಂಚು ಕರಗುತ್ತದೆ. ಕುಣಿತ ಜೋರಾದಾಗ ಎದುರುಬದುರು ಪುಟಗಳ ಮೂರು ಜೋಡಿಯನ್ನು ಚಿತ್ರವೇ ತುಂಬಿಕೊಳ್ಳುತ್ತದೆ. ಅಲ್ಲಿ ಒಂದು ಪದವೂ ಇಲ್ಲ. ವಾಪಸ್ ಬರುವಾಗ ಚಿತ್ರ ಮತ್ತೆ ಕುಗ್ಗುತ್ತದೆ. ಕಟ್ಟಕಡೆಯ ಪುಟದಲ್ಲಿ ಚಿತ್ರವೇ ಇಲ್ಲ, ನಾಲ್ಕಾರು ಪದ ಮಾತ್ರ. ಇಡೀ ಪುಸ್ತಕ 338 ಪದ. ಎಲ್ಲೂ ‘ಕಲ್ಪಿಸಿಕೊಂಡ’ ಅಂತ ಇಲ್ಲ. ಪುಟದ ಅಳತೆಯೇ ಅದನ್ನು ಹೇಳುತ್ತದೆ. (ಸೆಂಡಾಕ್ ಮೊದಲು ಅಂದುಕೊಂಡಿದ್ದು ಕಾಡು ಕುದುರೆಗಳ ಪುಸ್ತಕ. ಕುದುರೆ ಬಿಡಿಸಲು ಸರಿಯಾಗಿ ಬರುತ್ತಿರಲಿಲ್ಲ. ಆಮೇಲೆ ವಿಚಿತ್ರ ಪ್ರಾಣಿಗಳಾದವು. ಬಿಡಿಸಲು ಬಾರದ್ದರಿಂದ ಇಷ್ಟು ಲಾಭ ಆದದ್ದು ಕಡಿಮೆ!)

ಅವರ ಹಾಗೇ ಮಾಡಿ ಅಂತಲ್ಲ. ನಿಮ್ಮ ಪುಸ್ತಕಕ್ಕೆ ನಿಮ್ಮದೇ ದಾರಿ ಇದೆ. ಚುಕ್ಕಿ ಚಿಪ್ಪಿನ ಬಾಯಿಗೆ ಕಣ್ಣು ಹಚ್ಚಿ ನೋಡುತ್ತಾಳೆ. ಬಲಗಡೆ ಪುಟದ ತುಂಬ ಅವಳ ಕಣ್ಣು. ಪುಟ ತಿರುಗಿಸಿದರೆ ಸುತ್ತಿ ಸುತ್ತಿ ಹೋಗುವ ಮೆಟ್ಟಿಲು, ಮೆಟ್ಟಿಲಿಗೊಂದು ಕೋಣೆ. ಮಾತು ಬೇಡ. ಹಸ್ತಪ್ರತಿಯಲ್ಲಿ ಆ ಪುಟಕ್ಕೆ ‘ಚಿತ್ರಕಾರರಿಗೆ: ಚಿಪ್ಪಿನೊಳಗೆ ಮನೆ. ಒಳಗೆ ಹೋದಂತೆ ಕೋಣೆ ಚಿಕ್ಕದಾಗುತ್ತದೆ’ ಅಂತ ಒಂದು ಸಾಲು ಬರೆದರೆ ಸಾಕು. ಒಲೆ ಎಲ್ಲಿ, ಹಾಸಿಗೆ ಎಲ್ಲಿ, ಪರದೆಯ ಬಣ್ಣ ಯಾವುದು ಅಂತ ನೀವು ಹೇಳಿಕೊಟ್ಟರೆ ಒಳ್ಳೆಯ ಚಿತ್ರಕಾರರು ಬೇಜಾರಾಗಿ ಕೈ ಬಿಡುತ್ತಾರೆ.

‘ಒಳಗೆ ಹೋದಂತೆ ಚಿಕ್ಕದು’ ಅಂತ ಸುಮ್ನೆ ಹೇಳಿದ್ದಲ್ಲ. ಇಲ್ಲೇ ನಿಮ್ಮ ಹಸ್ತಪ್ರತಿಯ ದೊಡ್ಡ ತೊಂದರೆ ಇರುವುದು. ಬಸವನಹುಳು ಚಿಪ್ಪು ಬದಲಾಯಿಸುವುದಿಲ್ಲ. ಬದಲಾಯಿಸಲು ಆಗುವುದೇ ಇಲ್ಲ. ಚಿಪ್ಪು ಅದರ ಮೈಯ ಭಾಗ, ಸ್ನಾಯುವಿನಿಂದ ಅಂಟಿಕೊಂಡಿರುತ್ತದೆ. ಹೊರಗೆ ಎಳೆದರೆ ಸಾಯುತ್ತದೆ. ಖಾಲಿ ಶಂಖ ಹುಡುಕಿ ಮನೆ ಬದಲಾಯಿಸುವುದು ಕಡಲ ತೀರದ ಸನ್ಯಾಸಿ ಏಡಿ. ಎರಡೂ ಚಿಪ್ಪು ಹೊತ್ತು ತಿರುಗುವುದರಿಂದ ಈ ಗೊಂದಲ ತುಂಬಾ ಜನರಿಗೆ ಇದೆ. ಆದರೆ ನಿಮ್ಮ ಪುಸ್ತಕ ಮಗುವಿಗೆ ‘ನೋಡು, ಹುಡುಕು’ ಅನ್ನುತ್ತಿದೆ. ಅದನ್ನು ನಂಬಿ ಮಗು ಹಿತ್ತಲಿಗೆ ಹೋಗಿ ಹುಳವನ್ನು ಚಿಪ್ಪಿನಿಂದ ಬಿಡಿಸಲು ನೋಡಿದರೆ? ಚಿಪ್ಪಿನೊಳಗೆ ಒಲೆ ಇರಬಹುದು, ತೊಂದರೆ ಇಲ್ಲ, ಅದು ಚುಕ್ಕಿಯ ಆಟ ಅಂತ ಎಲ್ಲರಿಗೂ ಗೊತ್ತು. ಹಿತ್ತಲಿನ ಹುಳ ಮಾತ್ರ ಹಿತ್ತಲಿನ ಹುಳದ ಹಾಗೇ ಇರಬೇಕು.

ನಿಜ ಏನು ಗೊತ್ತಾ? ಬಸವನಹುಳು ಮೊಟ್ಟೆಯಿಂದ ಬರುವಾಗಲೇ ಚಿಟಿಕೆಯಷ್ಟು ಚಿಪ್ಪು ಹೊತ್ತೇ ಬರುತ್ತದೆ. ಮೈ ಬೆಳೆದಂತೆ ಚಿಪ್ಪಿನ ಬಾಯಿಯ ಅಂಚಿಗೆ ಸುಣ್ಣದ ಅಂಶ ಸೇರಿಸುತ್ತಾ ಹೋಗುತ್ತದೆ. ದೊಡ್ಡ ಹುಳದ ಚಿಪ್ಪಿನಲ್ಲಿ ಸುರುಳಿಯ ನಟ್ಟನಡುವಿನ ಚುಕ್ಕಿಯಂಥ ಭಾಗ ಇದೆಯಲ್ಲ, ಅದೇ ಹುಟ್ಟಿದಾಗಿನ ಚಿಪ್ಪು. ನಿಮ್ಮ ಹುಡುಗಿಯ ಹೆಸರೂ ಚುಕ್ಕಿ. ಇದನ್ನು ನೀವು ಬೇಕಂತ ಮಾಡಿಲ್ಲ ಅಂತ ಕಾಣುತ್ತದೆ, ಆದರೂ ಬಿಡಬೇಡಿ. ಮೆಟ್ಟಿಲು ಇಳಿದು ಇಳಿದು ಕೊನೆಯ ಕೋಣೆಗೆ ಹೋದರೆ ಅಲ್ಲಿ ತೊಟ್ಟಿಲು. ಉಡುಗೊರೆಯ ಚಿಪ್ಪಿಗಿಂತ ಇದು ಎಷ್ಟೋ ಚೆನ್ನಾಗಿದೆ ಅನ್ನಿಸುವುದಿಲ್ಲವೇ? ಕಲ್ಪನೆಯೂ ಆಯಿತು, ನಿಜವೂ ಆಯಿತು.

ಇನ್ನೊಂದು ಸಂಗತಿ. ಬಸವನಹುಳುವಿಗೆ ಕಿವಿ ಇಲ್ಲ. ಹಾಡು ಕೇಳಿಸುವುದಿಲ್ಲ. ಉದ್ದದ ಎರಡು ಕೊಂಬಿನ ತುದಿಯಲ್ಲಿ ಕಣ್ಣು. ವಾಸನೆ ಮತ್ತು ಸ್ಪರ್ಶದಿಂದಲೇ ಅದರ ಲೋಕ ನಡೆಯುವುದು. ಒದ್ದೆ ಇದ್ದರೆ ಹೊರಗೆ ಬರುತ್ತದೆ, ಒಣಗಿದರೆ ಒಳಗೆ ಹೋಗುತ್ತದೆ. ಬೇಸಿಗೆಯಲ್ಲಿ ಚಿಪ್ಪಿನ ಬಾಯಿಗೆ ಒಂದು ಪೊರೆ ಕಟ್ಟಿಕೊಂಡು ತಿಂಗಳುಗಟ್ಟಲೆ ಮಲಗುವ ಜಾತಿಗಳೂ ಇವೆ. ‘ಹಾಗಾದರೆ ನನ್ನ ಹಾಡಿನ ದೃಶ್ಯ ಹೋಯಿತಲ್ಲ’ ಅಂತ ಬೇಸರ ಮಾಡಿಕೊಳ್ಳಬೇಡಿ. ಅದು ಈಗಲೇ ಗಟ್ಟಿಯಾಗುವುದು. ಚುಕ್ಕಿ ಹಾಡಲಿ. ಹುಳ ಬರದೇ ಇರಲಿ. ಗಣಿ ಬೇಲಿ ಆಚೆಯಿಂದ ನಗಲಿ. ಇನ್ನೂ ಜೋರಾಗಿ ಹಾಡಲಿ. ಆಗ ಪಟಪಟ ಮಳೆ ಶುರುವಾಗಲಿ. ಕೊಂಬು ಹೊರಗೆ ಬರಲಿ. ‘ನನ್ನ ಹಾಡು ಕೇಳಿಸ್ತು!’ ಅಂತ ಚುಕ್ಕಿ. ‘ಮಳೆಗೆ ಬಂತು ಕಣೇ!’ ಅಂತ ಗಣಿ. ಯಾರು ಸರಿ ಅಂತ ಪುಸ್ತಕ ಹೇಳಬಾರದು. ನಾಳೆ ಮಳೆ ಇಲ್ಲದಾಗ ಹಾಡಿ ನೋಡುತ್ತಾರೆ. ನಾಡಿದ್ದು ಹಾಡದೆ ನೀರು ಚಿಮುಕಿಸಿ ನೋಡುತ್ತಾರೆ. ಇಬ್ಬರು ಮಕ್ಕಳು ಜಗಳ ಆಡುತ್ತಾ ಪ್ರಯೋಗ ಮಾಡುತ್ತಿದ್ದಾರೆ, ಗಣಿ ತನಗೆ ಅಸಹ್ಯ ಅನ್ನುವುದನ್ನು ಯಾವಾಗಲೋ ಮರೆತಿದ್ದಾನೆ. ಸ್ನೇಹ ಆದದ್ದು ಅಲ್ಲೇ. ನಿಮ್ಮ ಹಸ್ತಪ್ರತಿಯಲ್ಲಿ ಗಣಿ ‘ನನ್ನನ್ನು ಕ್ಷಮಿಸು, ಇನ್ನು ಮುಂದೆ ನಾವು ಗೆಳೆಯರು’ ಅನ್ನುತ್ತಾನೆ. ಆರು ವರ್ಷದ ಹುಡುಗ ಹಾಗೆ ಹೇಳಿದ್ದನ್ನು ನೀವು ತರಗತಿಯಲ್ಲಿ ಎಂದಾದರೂ ಕೇಳಿದ್ದೀರಾ? ಟೀಚರ್ ಹೇಳಿಸಿದಾಗ ಬಿಟ್ಟು?

ಉತ್ತರ ಹೇಳಬಾರದು ಅನ್ನುವುದಕ್ಕೆ ಬರವಣಿಗೆಯ ಕಾರಣ ಮಾತ್ರ ಅಲ್ಲ, ಇನ್ನೊಂದೂ ಇದೆ. ಅಮೆರಿಕದ ಕೆಲವು ಸಂಶೋಧಕರು 2011ರಲ್ಲಿ ಒಂದು ಪ್ರಯೋಗದ ವರದಿ ಪ್ರಕಟಿಸಿದರು. ಕೊಳವೆಗಳ ಒಂದು ಆಟಿಕೆ. ಅದರಲ್ಲಿ ಕೀಚು ಸದ್ದು, ದೀಪ, ಸಂಗೀತ, ಕನ್ನಡಿ, ಹೀಗೆ ಹಲವು ಗುಟ್ಟು. ‘ಈ ಆಟಿಕೆ ಹೀಗೆ ಕೆಲಸ ಮಾಡುತ್ತದೆ, ನೋಡು’ ಅಂತ ದೊಡ್ಡವರು ಒಂದು ಗುಟ್ಟು ಹೇಳಿಕೊಟ್ಟ ಮಕ್ಕಳು ಅದನ್ನೇ ಆಡಿ ಬಿಟ್ಟರು. ಹೇಳಿಕೊಡದ ಮಕ್ಕಳು ಜಾಸ್ತಿ ಹೊತ್ತು ಆಡಿದರು, ಬೇರೆ ಗುಟ್ಟುಗಳನ್ನೂ ಕಂಡುಹಿಡಿದರು. ದೊಡ್ಡವರು ಹೇಳಿದರು ಅಂದರೆ ಇನ್ನೇನೂ ಇಲ್ಲ ಅಂತ ಮಗು ಲೆಕ್ಕ ಹಾಕುತ್ತದೆ. ತಪ್ಪು ಲೆಕ್ಕವೇನಲ್ಲ. ನಿಮ್ಮ ಅಜ್ಜಿಯ ಕೊನೆಯ ಮಾತೂ ಇದೇ ಕೆಲಸ ಮಾಡುತ್ತದೆ. ಹತ್ತು ಜೋಡಿ ಪುಟ ಹುಡುಕಾಡಿದ ಮಗುವಿಗೆ ‘ನೀನು ಹುಡುಕಬೇಕಾಗಿದ್ದು ಇದು’ ಅಂತ ಕೈಗೆ ಕೊಟ್ಟು ಕಳಿಸಿದ ಹಾಗೆ.

ಹಾಗಾದರೆ ನೀತಿ? ನೀತಿಯ ಪುಸ್ತಕಗಳೇ ಬೇಡ ಅಂತ ನಾನು ಹೇಳುವುದಿಲ್ಲ. ಶಾಲೆಗೆ ಪುಸ್ತಕ ಕೊಳ್ಳುವವರು ‘ಇದರಿಂದ ಏನು ಕಲಿಯುತ್ತಾರೆ?’ ಅಂತ ಕೇಳಿಯೇ ಕೇಳುತ್ತಾರೆ. ಅದಕ್ಕೆ ಉತ್ತರ ಹಿಂಬದಿ ರಕ್ಷಾಪುಟದಲ್ಲಿ ಇರಲಿ, ದೊಡ್ಡವರು ಓದಿಕೊಳ್ಳುತ್ತಾರೆ. ಬಸವನಹುಳುವಿನ ನಿಜ ಸಂಗತಿಗಳನ್ನೂ ಅಲ್ಲೇ ನಾಲ್ಕು ಸಾಲಿನಲ್ಲಿ ಹಾಕಬಹುದು. ಅಜ್ಜಿ ಕಥೆಯಲ್ಲಿ ಇರಲಿ, ಬೇಕಾದರೆ ಸೌತೆಕಾಯಿ ಸಿಪ್ಪೆ ಕೊಡಲಿ, ಮಾತಾಡದಿರಲಿ. 24ನೇ ಪುಟಕ್ಕೆ ನನ್ನ ಸಲಹೆ ಇದು: ಮರುದಿನ ಬೆಳಿಗ್ಗೆ ಹೊಳೆಯುವ ಗೆರೆ ಗಣಿಯ ಮನೆಯ ಕಿಟಕಿಗೆ ಹೋಗಿದೆ. ಚುಕ್ಕಿ ಕೂಗುತ್ತಿದ್ದಾಳೆ, ‘ಗಣೀ!’ ಅಷ್ಟೇ. ಇಷ್ಟವಾಗದಿದ್ದರೆ ಬೇರೆ ಯೋಚಿಸಿ. ಆದರೆ ಕೊನೆಯ ಮಾತು ಮಕ್ಕಳದ್ದೇ ಆಗಿರಲಿ.

ಬಸವನಹುಳು ಮಾತಾಡುವುದು ಬೇಡ ಅಂತಲೇ ನನ್ನ ಅಭಿಪ್ರಾಯ. ಪ್ರಾಣಿ ಮಾತಾಡಬಾರದು ಎಂಬ ನಿಯಮ ಇಲ್ಲ. ಪುಣ್ಯಕೋಟಿ ಮಾತಾಡಿದ್ದಕ್ಕೆ ಕನ್ನಡದಲ್ಲಿ ಯಾರೂ ತಕರಾರು ತೆಗೆದಿಲ್ಲ. ಆದರೆ ಈ ಕಥೆಯಲ್ಲಿ ಹುಳ ಬಾಯಿ ತೆರೆದ ಕೂಡಲೇ ‘ಒಳಗೆ ಏನಿದೆ?’ ಎನ್ನುವ ಪ್ರಶ್ನೆ ಸತ್ತಿತು. ಅದನ್ನೇ ಕೇಳಬಹುದಲ್ಲ! ಇನ್ನೊಂದು ವಿಷಯ, ಟೊರಾಂಟೊ ವಿಶ್ವವಿದ್ಯಾಲಯದ ಸಂಶೋಧಕರು ನಾಲ್ಕರಿಂದ ಆರು ವರ್ಷದ ಮಕ್ಕಳಿಗೆ ಹಂಚಿಕೊಳ್ಳುವುದರ ಬಗ್ಗೆ ಒಂದೇ ಕಥೆಯನ್ನು ಎರಡು ರೀತಿ ಓದಿದರು. ಒಂದರಲ್ಲಿ ಮನುಷ್ಯರು, ಇನ್ನೊಂದರಲ್ಲಿ ಬಟ್ಟೆ ತೊಟ್ಟ ಪ್ರಾಣಿಗಳು. ಆಮೇಲೆ ತಮ್ಮ ಸ್ಟಿಕರ್‌ಗಳನ್ನು ಜಾಸ್ತಿ ಹಂಚಿದ್ದು ಮನುಷ್ಯರ ಕಥೆ ಕೇಳಿದ ಮಕ್ಕಳು. ಒಂದು ಅಧ್ಯಯನ ಹಿಡಿದು ಶಾಸನ ಮಾಡಬೇಕಾಗಿಲ್ಲ. ಆದರೂ ನಿಮ್ಮ ಪುಸ್ತಕದ ಸ್ನೇಹ ಚುಕ್ಕಿ ಮತ್ತು ಗಣಿಯದು. ಹುಳ ಅವರಿಬ್ಬರ ನಡುವೆ ತನ್ನ ಪಾಡಿಗೆ ಹೋಗುತ್ತಿರಲಿ.

ಯಾವ ಬಸವನಹುಳು ಎನ್ನುವುದನ್ನೂ ತೀರ್ಮಾನ ಮಾಡಿ. ಚಿತ್ರಕಾರರು ಇಂಟರ್ನೆಟ್‌ನಲ್ಲಿ ಹುಡುಕಿದರೆ ಯುರೋಪಿನ ತೋಟದ ಹುಳದ ಚಿತ್ರಗಳೇ ಮೊದಲು ಬರುತ್ತವೆ. ನಮ್ಮಲ್ಲಿ ಹಿತ್ತಲಿನಲ್ಲಿ ದೊಡ್ಡದಾಗಿ ಕಾಣುವುದು ಹೆಚ್ಚಾಗಿ ಆಫ್ರಿಕಾದ ದೈತ್ಯ ಬಸವನಹುಳು. ಉದ್ದ ಚೂಪು ಚಿಪ್ಪು, ಕಂದು ಪಟ್ಟೆ. ಹೊರಗಿನಿಂದ ಬಂದದ್ದು, ಬೆಳೆ ತಿನ್ನುತ್ತದೆ, ಕೊಡಗಿನ ಕಾಫಿ ಬೆಳೆಗಾರರನ್ನು ಕೇಳಿದರೆ ಕಥೆ ಹೇಳುತ್ತಾರೆ. ಮನುಷ್ಯರಿಗೆ ರೋಗ ತರುವ ಜಂತೂ ಅದರಲ್ಲಿ ಇರಬಹುದು. ಅದನ್ನು ಮಗು ಕೆನ್ನೆಗೆ ಒತ್ತಿಕೊಳ್ಳುವ ಚಿತ್ರ (ನಿಮ್ಮ ಐದನೇ ಪ್ಯಾರಾ) ಖಂಡಿತ ಬೇಡ. ಪಶ್ಚಿಮ ಘಟ್ಟದಲ್ಲಿ ಮಾತ್ರ ಇರುವ ಒಂದು ಚೆಂದದ ಜಾತಿ ಇದೆ, ಇಂಡ್ರೆಲ್ಲಾ ಆಂಪುಲ್ಲಾ. ಅದರ ಮೈ ಎದ್ದು ಕಾಣುವಂಥ ಕೆಂಪೋ ಹಳದಿಯೋ ಇರುತ್ತದೆ. ಅದು ಕಾಡಿನದು, ಮಲೆನಾಡಿನ ಕಥೆಗೆ ಒಪ್ಪುತ್ತದೆ. ಆದರೆ ಅದರ ಚಿಪ್ಪು ಮೈಗೆ ಹೋಲಿಸಿದರೆ ಚಿಕ್ಕದು, ಪೂರ್ತಿ ಒಳಗೆ ಸೇರಲು ಆಗುವುದಿಲ್ಲ. ನಿಮ್ಮ ಕಥೆಯ ಹುಳ ಒಳಗೆ ಅವಿತುಕೊಳ್ಳಲೇಬೇಕು. ಹಾಗಾಗಿ ಹಿತ್ತಲಿನ ಯಾವುದಾದರೂ ದುಂಡು ಚಿಪ್ಪಿನ ಚಿಕ್ಕ ಹುಳ ನೋಡಿ, ಫೋಟೊ ತೆಗೆದು ಹಸ್ತಪ್ರತಿಯ ಜೊತೆ ಇಡಿ. ಚುಕ್ಕಿ ಅದನ್ನು ಎಲೆಯ ಮೇಲೆ ಎತ್ತಿ ನೋಡಲಿ. ಸುರುಳಿ ಎಲ್ಲ ಪುಟದಲ್ಲೂ ಒಂದೇ ದಿಕ್ಕಿಗೆ ಸುತ್ತಿರಬೇಕು ಅಂತಲೂ ಒಂದು ಸಾಲು ಬರೆಯಿರಿ. ಕಂಪ್ಯೂಟರ್‌ನಲ್ಲಿ ಚಿತ್ರ ತಿರುವಿ ಹಾಕಿದರೆ ಸುರುಳಿಯೂ ತಿರುಗುತ್ತದೆ. ದೊಡ್ಡವರು ಗಮನಿಸುವುದಿಲ್ಲ, ಐದು ವರ್ಷದವರು ಹಿಡಿದುಬಿಡುತ್ತಾರೆ.

ಭಾಷೆಯ ಬಗ್ಗೆ ಚಿಕ್ಕದಾಗಿ. ನಾಲ್ಕು ವರ್ಷದ ಮಗುವಿಗೆ ಬೇರೆಯವರು ಓದಿ ಹೇಳುತ್ತಾರೆ. ಏಳರ ಮಗು ತಾನೇ ಓದುತ್ತದೆ. ಕೇಳುವ ಮಗುವಿಗೆ ಒತ್ತಕ್ಷರ ಒಂದು ಸಮಸ್ಯೆಯೇ ಅಲ್ಲ. ಓದಲು ಕಲಿಯುವ ಮಗುವಿಗೆ ಅದು ಕಷ್ಟ. ಇಬ್ಬರಿಗೂ ಒಂದೇ ಪುಸ್ತಕ ಅಂದಾಗ ಎರಡೂ ಕೆಡುತ್ತದೆ. ನಿಮ್ಮದು ಓದಿ ಹೇಳುವ ಪುಸ್ತಕ ಅಂತ ನನಗೆ ಅನ್ನಿಸುತ್ತದೆ. ಹಾಗಾದರೆ ಕಿವಿಗೆ ಬರೆಯಿರಿ. ಸರಸರ, ಪಟಪಟ, ಲೊಚಕ್, ಪುಸುಕ್, ಇಂಥ ಮಾತಿಗೆ ಕನ್ನಡದಲ್ಲಿ ಬರ ಇಲ್ಲ. ಜಿ.ಪಿ. ರಾಜರತ್ನಂ ಅವರ ಶಿಶುಗೀತೆಗಳು ಇವತ್ತಿಗೂ ಬಾಯಲ್ಲಿ ಉಳಿದಿರುವುದಕ್ಕೆ ಅವುಗಳ ಲಯವೇ ದೊಡ್ಡ ಕಾರಣ. ಪ್ರಾಸ ಬೇಕೇಬೇಕು ಅಂತಿಲ್ಲ, ಉಸಿರು ಕಟ್ಟದಂತೆ ಸಾಲು ಇರಲಿ. ಮಕ್ಕಳ ಮಾತು ನಿಮ್ಮ ಕಡೆಯದ್ದೇ ಇರಲಿ, ಗ್ರಂಥದ ಭಾಷೆಗೆ ತಿದ್ದಬೇಡಿ. ಒಟ್ಟು 250 ಪದದೊಳಗೆ ತನ್ನಿ. 1,400ರಿಂದ 250ಕ್ಕೆ ಇಳಿಸುವುದು ಹಿಂಸೆ ಅನ್ನಿಸುತ್ತದೆ. ಮೇಲೆ ಹೇಳಿದ ಹಾಗೆ ಚಿತ್ರ ಮಾಡುವ ಕೆಲಸವನ್ನೆಲ್ಲ ತೆಗೆದರೆ ಅರ್ಧಕ್ಕಿಂತ ಜಾಸ್ತಿ ಹೋಗುತ್ತದೆ.

ಡಮ್ಮಿಯಲ್ಲಿ ಕಡ್ಡಿ ಗೊಂಬೆ ಬಿಡಿಸಿ ನಿಮ್ಮ ತರಗತಿಯಲ್ಲಿ ಓದಿ. ‘ಇಷ್ಟ ಆಯ್ತಾ?’ ಅಂತ ಕೇಳಬೇಡಿ. ಟೀಚರ್ ಕೇಳಿದರೆ ‘ಆಯ್ತು ಮಿಸ್’ ಅಂತಲೇ ಹೇಳುತ್ತಾರೆ. ಯಾವ ಪುಟದಲ್ಲಿ ಮಗು ಮುಂದೆ ಬಗ್ಗಿತು, ಯಾವ ಪುಟದಲ್ಲಿ ಪಕ್ಕದವರನ್ನು ಚಿವುಟಿತು, ಅಷ್ಟು ಗುರುತು ಮಾಡಿಕೊಳ್ಳಿ. ಚಿವುಟಿದ ಪುಟ ತೆಗೆಯಿರಿ.

ಚಿತ್ರ ಬರೆಸಿ ಕಳಿಸಬೇಕಾ ಅಂತ ಕೇಳಿದ್ದೀರಿ. ಬೇಡ. ಚಿತ್ರಕಾರರನ್ನು ಆರಿಸುವುದು ಸಾಮಾನ್ಯವಾಗಿ ಪ್ರಕಾಶಕರ ಕೆಲಸ. ನಿಮ್ಮ ದುಡ್ಡು ಹಾಕಿ ಬರೆಸಿದ ಚಿತ್ರ ಅವರಿಗೆ ಹಿಡಿಸದಿದ್ದರೆ ಕಥೆಯೂ ಅದರ ಜೊತೆ ವಾಪಸ್ ಬರುತ್ತದೆ. ಚಿತ್ರದೊಳಗೆ ಅಕ್ಷರ ಬರುವ ದೃಶ್ಯಗಳನ್ನೂ ತೆಗೆಯಿರಿ. ನಿಮ್ಮ ಕಥೆಯಲ್ಲಿ ಅಂಗಡಿಯ ಬೋರ್ಡ್ ಇದೆ, ಚುಕ್ಕಿ ಬರೆಯುವ ಚೀಟಿ ಇದೆ. ನ್ಯಾಷನಲ್ ಬುಕ್ ಟ್ರಸ್ಟ್‌ನ ಮಕ್ಕಳ ಪುಸ್ತಕಮಾಲೆ ನೆಹರೂ ಬಾಲ ಪುಸ್ತಕಾಲಯದ ಕಾಲದಿಂದಲೂ ನಮ್ಮ ದೇಶದಲ್ಲಿ ಒಂದೇ ಚಿತ್ರಕ್ಕೆ ಹಲವು ಭಾಷೆಯ ಮಾತು ಹಾಕಿ ಪುಸ್ತಕ ತರುವುದು ರೂಢಿ. ಅಚ್ಚಿನ ಬಣ್ಣದ ಪ್ಲೇಟ್‌ಗಳು ಹಾಗೇ ಇದ್ದು, ಅಕ್ಷರ ಇರುವ ಕಪ್ಪು ಪ್ಲೇಟ್ ಮಾತ್ರ ಬದಲಾದರೆ ಖರ್ಚು ಇಳಿಯುತ್ತದೆ. ಚಿತ್ರದಲ್ಲೇ ಕನ್ನಡ ಅಕ್ಷರ ಬಿಡಿಸಿದ್ದರೆ ಆ ದಾರಿ ಮುಚ್ಚಿತು.

ಕೈ ಪಳಗಿಸಿಕೊಳ್ಳಲು ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ಎಂಬ ಜಾಲತಾಣ ಇದೆ. ಅಲ್ಲಿರುವ ಚಿತ್ರಗಳಿಗೆ ನಿಮ್ಮ ಮಾತು ಜೋಡಿಸಿ ಪುಸ್ತಕ ಮಾಡಬಹುದು. ಕನ್ನಡದ ಪುಸ್ತಕಗಳು ಪುಕ್ಕಟೆ ಓದಲೂ ಸಿಗುತ್ತವೆ, ಓದಿ. ಆದರೆ ಚುಕ್ಕಿಯ ಕಥೆಯನ್ನು ಅಲ್ಲಿ ಹಾಕಬೇಡಿ. ಅಲ್ಲಿ ಹಾಕಿದ್ದು ಮುಕ್ತ ಪರವಾನಗಿಗೆ ಸೇರುತ್ತದೆ. ಯಾರು ಬೇಕಾದರೂ ನಿಮ್ಮ ಹೆಸರು ಹಾಕಿ ಅಚ್ಚು ಹಾಕಬಹುದು, ಮಾರಲೂಬಹುದು. ಆಮೇಲೆ ಬೇರೆ ಪ್ರಕಾಶಕರು ತೆಗೆದುಕೊಳ್ಳುವುದು ಕಷ್ಟ.

ಪ್ರಕಾಶಕರು ಒಪ್ಪಿದರೆ ಸಂತೋಷದಲ್ಲಿ ಓದದೆ ಸಹಿ ಹಾಕಬೇಡಿ. ರಾಯಲ್ಟಿ ಎಷ್ಟು, ಅದು ನಿಮಗೂ ಚಿತ್ರಕಾರರಿಗೂ ಹೇಗೆ ಹಂಚಿಕೆ ಆಗುತ್ತದೆ, ಬೇರೆ ಭಾಷೆಗೆ ಹೋದರೆ ನಿಮಗೆ ಏನು ಬರುತ್ತದೆ, ಇಷ್ಟನ್ನು ಕಾಗದದಲ್ಲಿ ಬರೆಸಿ. ಹಕ್ಕನ್ನು ಎಷ್ಟು ವರ್ಷಕ್ಕೆ, ಯಾವ ದೇಶಗಳಿಗೆ ಕೊಡುತ್ತಿದ್ದೀರಿ ಅಂತಲೂ ಇರಲಿ. ನಮ್ಮ 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ, ಹಕ್ಕು ವರ್ಗಾಯಿಸುವ ಪತ್ರದಲ್ಲಿ ಅವಧಿ ಬರೆದಿಲ್ಲದಿದ್ದರೆ ಐದು ವರ್ಷ ಅಂತ, ಜಾಗ ಬರೆದಿಲ್ಲದಿದ್ದರೆ ಭಾರತಕ್ಕೆ ಮಾತ್ರ ಅಂತ ಲೆಕ್ಕ. ಕಾಗದದಲ್ಲಿ ‘ಶಾಶ್ವತವಾಗಿ, ಜಗತ್ತಿನಾದ್ಯಂತ, ಎಲ್ಲ ಭಾಷೆಗಳಲ್ಲಿ’ ಅಂತ ಇದ್ದರೆ ಆ ಸಾಲಿನ ಹತ್ತಿರ ಪೆನ್ಸಿಲ್ ಇಟ್ಟು, ಇದು ಯಾಕೆ ಬೇಕು ಅಂತ ಕೇಳಿ.